ಬಡತನ ಬರುವ ದಾರಿಗಳು

ಬಡತನವೆಂದರೆ ಏನು ಎಂದು ಯಾರನ್ನಾದರೂ ಕೇಳಿದರೆ, ಕೈಯಲ್ಲಿ ಕಾಸಿಲ್ಲದಿರುವುದು ಎಂಬ ಉತ್ತರ ಕೂಡಲೇ ಬರುವುದು. ಈ ಉತ್ತರ ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಕೆರೆಯಲ್ಲಿ ನೀರಿಲ್ಲವೆಂದು ಹೇಳಿದ ಮಾತ್ರಕ್ಕೆ ಕೆರೆಯ ಸಂಗತಿಯೆಲ್ಲ ತಿಳಿದಂತಾಗುವುದಿಲ್ಲ. ಮಳೆಯೇ ಬರಲಿಲ್ಲವೋ, ನೀರು ಹರಿದು ಬರುವ ಕಾಲುವೆ ಹೂಳಿನಿಂದ ಮುಚ್ಚಿತೋ, ತುಂಬಿದ್ದ ಕೆರೆಯ ಏರಿ ಒಂದು ರಾತ್ರಿ ಒಡೆಯಿತೋ ಎಂಬುದನ್ನು ಅರಿತ ಮೇಲಲ್ಲವೆ ಕೆರೆಯನ್ನು ಮತ್ತೆ ತುಂಬಿಸುವ ಮಾತು? ಬಡತನದ ವಿಷಯದಲ್ಲಿಯೂ ಹೀಗೆಯೇ. ಅದು ಯಾವ ದಾರಿಯಿಂದ ಮನೆಯೊಳಕ್ಕೆ ಬಂದಿತೆಂದು ತಿಳಿಯದೆ ಅದನ್ನು ಹೊರಗೆ ಕಳುಹಿಸುವ ಬಗೆ ತಿಳಿಯದು.

ಬಡತನವನ್ನು ಹಣೆಬರಹವೆಂದು ಭಾವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಅದು ಸೋಮಾರಿತನದ ಫಲವೆಂದು ಹೀಗಳೆಯುವವರೂ ಇದ್ದಾರೆ. ಆದರೆ ಒಂದೇ ಹಳ್ಳಿಯನ್ನು ಹತ್ತಿಪ್ಪತ್ತು ವರ್ಷಗಳ ಕಾಲ ಗಮನವಿಟ್ಟು ನೋಡಿದವರಿಗೆ ಬೇರೆಯೇ ಒಂದು ಚಿತ್ರ ಕಾಣುತ್ತದೆ. ಅನಿರುದ್ಧ ಕೃಷ್ಣ ಎಂಬ ವಿದ್ವಾಂಸರು ನಮ್ಮ ದೇಶದ ರಾಜಸ್ಥಾನ, ಗುಜರಾತ್, ಆಂಧ್ರಪ್ರದೇಶಗಳ ಹಳ್ಳಿಗಳಲ್ಲಿಯೂ, ಕೀನ್ಯಾ, ಉಗಾಂಡ, ಪೆರು ದೇಶಗಳ ಹಳ್ಳಿಗಳಲ್ಲಿಯೂ ಸಾವಿರಾರು ಕುಟುಂಬಗಳ ಏಳುಬೀಳುಗಳನ್ನು ವಿಚಾರಿಸಿ 2010ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಒಂದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ಕೆಲವು ಮನೆಗಳು ಬಡತನದಿಂದ ಮೇಲಕ್ಕೆ ಏರುತ್ತಿದ್ದವು. ಬೇರೆ ಕೆಲವು ಮನೆಗಳು ಹೊಸದಾಗಿ ಬಡತನಕ್ಕೆ ಇಳಿಯುತ್ತಿದ್ದವು. ಹಾಗೆ ಇಳಿದ ಮನೆಗಳವರನ್ನು ಕಾರಣ ಕೇಳಿದಾಗ ಮತ್ತೆ ಮತ್ತೆ ದೊರೆತ ಉತ್ತರ ಒಂದೇ: ಕಾಯಿಲೆ ಮತ್ತು ಅದರ ಚಿಕಿತ್ಸೆಯ ವೆಚ್ಚ. ಏರುವುದಕ್ಕೆ ಹತ್ತು ವರ್ಷ ಬೇಕು. ಇಳಿಯುವುದಕ್ಕೆ ಒಂದು ಮಳೆಗಾಲ ಸಾಕು.

ಕಾಯಿಲೆಯು ಬಡತನ ಬರುವ ಒಂದು ದಾರಿ. ನಾಡಿನ ನೆಮ್ಮದಿ ಕದಡಿ, ಆಳುವ ವ್ಯವಸ್ಥೆ ತಲೆಕೆಳಗಾಗುವುದು ಇನ್ನೊಂದು ದಾರಿ. ಇದನ್ನೇ ರಾಜಕೀಯ ಕ್ಷೋಭೆ ಎನ್ನುವರು. ಈ ಎರಡು ದಾರಿಗಳು ಒಂದನ್ನೊಂದು ಕೂಡುವ ಬಗೆಯನ್ನೂ, ಅವುಗಳಿಗೆ ಅಡ್ಡಗಟ್ಟಬಲ್ಲ ಕ್ರಮಗಳನ್ನೂ ಈ ಪಾಠದಲ್ಲಿ ವಿಚಾರ ಮಾಡೋಣ. ಅದಕ್ಕಾಗಿ ಮೊದಲು ದೂರದ ದೇಶಗಳಿಗೆ ಹೋಗಬೇಕಾದುದಿಲ್ಲ. ಕರ್ನಾಟಕದ ತೆಂಕಣ ಮೂಲೆಯಲ್ಲಿರುವ ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳೇ ನಮಗೆ ಬೇಕಾದಷ್ಟು ಪಾಠವನ್ನು ಹೇಳುತ್ತವೆ.

ಯಳಂದೂರು ಒಂದು ಚಿಕ್ಕ ತಾಲ್ಲೂಕು. ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಸೀಮೆ ಇದು. ಸುವರ್ಣಾವತಿ ನದಿಯ ನೀರಿನಿಂದ ಇಲ್ಲಿ ಬತ್ತ, ಕಬ್ಬು ಬೆಳೆಯುತ್ತವೆ. ಪಕ್ಕದ ಕೊಳ್ಳೇಗಾಲವು ರೇಷ್ಮೆಗೆ ಹೆಸರಾದ ಊರು. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೆ ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದರಿಂದಾಚೆ ಹನೂರಿನ ಬೆಂಗಾಡು, ಮಲೆಮಹದೇಶ್ವರ ಬೆಟ್ಟದ ಕಾಡು, ಕಾಡಿನಾಚೆ ತಮಿಳುನಾಡು. ಪಶ್ಚಿಮಕ್ಕೆ ತಿರುಗಿದರೆ ಬಿಳಿಗಿರಿರಂಗನ ಬೆಟ್ಟ. ಅದರ ಪೋಡುಗಳಲ್ಲಿ ಸೋಲಿಗರ ವಾಸ. 1997ರಲ್ಲಿ ಚಾಮರಾಜನಗರ ಜಿಲ್ಲೆ ರೂಪುಗೊಂಡಾಗ ಈ ಸೀಮೆಗಳೆಲ್ಲ ಅದರೊಳಗೆ ಬಂದವು. ನೀರಾವರಿಯ ಗದ್ದೆಯಿಂದ ಕಾಡಿನ ಪೋಡಿನವರೆಗೆ ಎಲ್ಲ ಬಗೆಯ ಬದುಕೂ ಇಲ್ಲಿ ಒಂದೇ ಕಡೆ ನೋಡಸಿಗುತ್ತದೆ.

ಕಾಯಿಲೆಯು ಬಡತನವನ್ನು ಕರೆತರುವ ಬಗೆಯನ್ನು ಮೊದಲು ಒಂದು ಲೆಕ್ಕದ ಮೂಲಕ ತಿಳಿಯೋಣ. ಒಂದು ಕೂಲಿಕಾರ ಕುಟುಂಬವನ್ನು ಊಹಿಸಿಕೊಳ್ಳಿರಿ. ಗಂಡನಿಗೆ ದಿನಕ್ಕೆ 400 ರೂಪಾಯಿ, ಹೆಂಡತಿಗೆ 300 ರೂಪಾಯಿ ಕೂಲಿ. ಮನೆಯಲ್ಲಿ ಇಬ್ಬರು ಮಕ್ಕಳು, ಎರಡು ಆಡು, ಒಂದು ಹಸು. ಊಟಬಟ್ಟೆಗೆ ಕೊರತೆಯಿಲ್ಲ; ಮಿಗುವುದು ಮಾತ್ರ ಅಲ್ಪ. ಹೀಗಿರುವಾಗ ಗಂಡನು ಜ್ವರದಿಂದ ಒಂದು ತಿಂಗಳು ಹಾಸಿಗೆ ಹಿಡಿದನೆನ್ನೋಣ. ಮೂವತ್ತು ದಿನಗಳ ಕೂಲಿಯಾದ 12,000 ರೂಪಾಯಿ ಮೊದಲು ಹೋಯಿತು. ಆರೈಕೆಗೆ ನಿಂತ ಹೆಂಡತಿಯು ಇಪ್ಪತ್ತು ದಿನ ಕೆಲಸ ಬಿಟ್ಟಳು. ಮತ್ತೆ 6,000 ರೂಪಾಯಿ ಹೋಯಿತು. ಎಪ್ಪತ್ತು ಕಿಲೋಮೀಟರಿನಷ್ಟು ದೂರದ ಮೈಸೂರಿಗೆ ಓಡಾಟ, ಪರೀಕ್ಷೆ, ಔಷಧಿ, ಜೊತೆಗಿದ್ದವರ ಊಟ ಎಂದು 12,000 ರೂಪಾಯಿ ಖರ್ಚಾಯಿತು. ಒಟ್ಟು 30,000 ರೂಪಾಯಿ. ಕೂಡಿಟ್ಟ ಹಣ ಮತ್ತು ಆಡುಗಳನ್ನು ಮಾರಿದ ಹಣದಿಂದ 10,000 ತೀರಿತು. ಉಳಿದ 20,000ಕ್ಕೆ ಸಾಲವೇ ಗತಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ವರ್ಷಕ್ಕೆ ಬಡ್ಡಿಯೇ 7,200 ರೂಪಾಯಿ. ಎಂದರೆ ಮರುವರ್ಷ ಅವನು ಹದಿನೆಂಟು ದಿನ ದುಡಿದದ್ದು ಬಡ್ಡಿಗೆ ಮಾತ್ರ ಸಲ್ಲುತ್ತದೆ. ಅಸಲು ಹಾಗೆಯೇ ಉಳಿಯುತ್ತದೆ.

ಈ ಲೆಕ್ಕದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಔಷಧಿಗೆ ಕೊಟ್ಟ ಹಣಕ್ಕಿಂತ ದುಡಿಯದೆ ಕಳೆದುಕೊಂಡ ಹಣವೇ ಇಲ್ಲಿ ಹೆಚ್ಚು. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬುದು ನಮ್ಮ ಗಾದೆ. ಸೋಮಾರಿಯನ್ನು ಕುರಿತು ಹೇಳಿದ ಆ ಗಾದೆಯು ಕಾಯಿಲೆಯವನಿಗೂ ಒಪ್ಪುತ್ತದೆ. ಆದರೆ ಅವನು ಕುಳಿತದ್ದು ಇಷ್ಟಪಟ್ಟಲ್ಲ. ಎರಡನೆಯದು, ಬಡವನು ತನ್ನಲ್ಲಿದ್ದ ವಸ್ತುಗಳನ್ನು ಕಳೆದುಕೊಳ್ಳುವುದರಲ್ಲಿಯೂ ಒಂದು ಕ್ರಮವಿದೆ. ಮೊದಲು ಕೋಳಿ, ಆಡು; ಬಳಿಕ ಹೆಂಡತಿಯ ಓಲೆ; ಆ ಮೇಲೆ ಹಾಲು ಕೊಡುವ ಹಸು; ಕೊನೆಯಲ್ಲಿ ಹೊಲ. ಒಂದೊಂದನ್ನು ಕಳೆದುಕೊಂಡಂತೆಯೂ ಮುಂದಿನ ಸಂಪಾದನೆಯ ಒಂದೊಂದು ಬೇರು ಕತ್ತರಿಸಿಹೋಗುತ್ತದೆ. ಇಷ್ಟರಲ್ಲಿಯೂ ಕಷ್ಟ ತೀರದಿದ್ದರೆ ಶಾಲೆಗೆ ಹೋಗುತ್ತಿದ್ದ ಮಗ ಅಥವಾ ಮಗಳು ಕೂಲಿಗೆ ಹೋಗುವ ಕಾಲ ಬರುತ್ತದೆ. ತಂದೆಯ ಒಂದು ತಿಂಗಳ ಜ್ವರವು ಮಗುವಿನ ಮುಂದಿನ ನಲವತ್ತು ವರ್ಷಗಳ ದುಡಿಮೆಯನ್ನು ಕುಗ್ಗಿಸುವುದು ಹೀಗೆ.

ಒಂದು ಮನೆಗೆ ಬರುವ ಕಾಯಿಲೆಯ ಮಾತಾಯಿತು. ಒಂದು ಸೀಮೆಗೇ ಕಾಯಿಲೆ ನೆಲಸಿದರೆ ಏನಾಗುವುದೆಂಬುದಕ್ಕೆ ಯಳಂದೂರಿನ ಕುಷ್ಠರೋಗದ ಕಥೆ ಒಳ್ಳೆಯ ನಿದರ್ಶನ. 1987ರಲ್ಲಿ ಈ ತಾಲ್ಲೂಕಿನಲ್ಲಿ ಪ್ರತಿ ಸಾವಿರ ಜನರಲ್ಲಿ ಸುಮಾರು 21 ಮಂದಿಗೆ ಈ ರೋಗವಿತ್ತು. ಕುಷ್ಠವು ಆಗಿಂದಾಗಲೇ ಕೊಲ್ಲುವ ರೋಗವಲ್ಲ. ಅದು ನರಗಳನ್ನು ಕೆಡಿಸುತ್ತದೆ, ಕೈಕಾಲುಗಳ ಸ್ಪರ್ಶಜ್ಞಾನ ಹೋಗುತ್ತದೆ, ಸುಟ್ಟರೂ ಮುಳ್ಳು ಚುಚ್ಚಿದರೂ ತಿಳಿಯದೆ ಗಾಯ ಬಲಿಯುತ್ತದೆ, ಬೆರಳುಗಳು ಮಡಿಚಿಕೊಳ್ಳುತ್ತವೆ. ಕುಡುಗೋಲನ್ನು ಹಿಡಿಯಲಾಗದ ಕೈಗೆ ಕೂಲಿಯಿಲ್ಲ. ಇದರ ಮೇಲೆ ಸಮಾಜದ ಅಂಜಿಕೆ ಬೇರೆ. ರೋಗಿಯನ್ನು ಬಾವಿಯ ಬಳಿಗೆ ಬಿಡುತ್ತಿರಲಿಲ್ಲ. ಆ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ದೇಹವು ದುಡಿಯಲು ಶಕ್ತವಾಗಿದ್ದಾಗಲೂ ಊರು ಕೆಲಸ ಕೊಡುತ್ತಿರಲಿಲ್ಲ. ಆದ್ದರಿಂದ ರೋಗವನ್ನು ಮುಚ್ಚಿಡುವುದು ವಾಡಿಕೆಯಾಯಿತು. ಮುಚ್ಚಿಟ್ಟಷ್ಟೂ ಅದು ಅಂಗವನ್ನು ಕೆಡಿಸಿತು, ಇತರರಿಗೂ ಹರಡಿತು.

ಈ ಸ್ಥಿತಿಯನ್ನು ಬದಲಾಯಿಸಲು ನಡೆದ ಕೆಲಸ ನೆನೆಯತಕ್ಕದ್ದು. ಡಾಕ್ಟರ್ ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಚಿಕಿತ್ಸೆಯೊಂದರಿಂದಲೇ ಗಿರಿಜನರ ಬಾಳು ಹಸನಾಗದೆಂದು ಅರಿತು ಅಲ್ಲಿ ಶಾಲೆಯನ್ನೂ ಕಸುಬುಗಳ ತರಬೇತಿಯನ್ನೂ ಆರಂಭಿಸಲಾಯಿತು. ಯಳಂದೂರಿನ ಕುಷ್ಠರೋಗದ ನಿವಾರಣೆಗೆಂದು 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸಾಕ್ರಮವು ಆ ವೇಳೆಗೆ ನಮ್ಮ ದೇಶಕ್ಕೆ ಬಂದಿತ್ತು. ರೋಗಿಯನ್ನು ಊರಿಂದ ಹೊರಗೆ ಹಾಕದೆ, ಅವನು ತನ್ನ ಮನೆಯಲ್ಲಿದ್ದುಕೊಂಡೇ ಔಷಧಿ ಪಡೆದು ಗುಣಹೊಂದುವುದು ಇದರಿಂದ ಸಾಧ್ಯವಾಯಿತು. 2005ರ ವೇಳೆಗೆ ತಾಲ್ಲೂಕಿನಲ್ಲಿ ರೋಗಿಗಳ ಪ್ರಮಾಣ ಸಾವಿರಕ್ಕೆ ಒಂದಕ್ಕಿಂತಲೂ ಬಹಳ ಕಡಿಮೆಯಾಯಿತು. ಒಂದು ರೋಗ ಹಿಂದೆ ಸರಿದಾಗ ಅದರ ಹಿಂದೆ ಅಡಗಿದ್ದ ಬಡತನಕ್ಕೂ ಒಂದು ಆಶ್ರಯ ತಪ್ಪಿತು.

ಬೆಟ್ಟದ ತಪ್ಪಲಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು 1996ರಲ್ಲಿ ಇದೇ ಟ್ರಸ್ಟಿಗೆ ವಹಿಸಲಾಯಿತು. ಕೆಲವು ವರ್ಷಗಳ ಬಳಿಕ, ಯಳಂದೂರು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಬಡವರಿಗಾಗಿ ಒಂದು ಆರೋಗ್ಯ ವಿಮೆಯನ್ನು ಜಾರಿಗೆ ತಂದರು. ವರ್ಷಕ್ಕೆ ಒಬ್ಬರಿಗೆ ಕಟ್ಟಬೇಕಾದ ವಂತಿಗೆ ಇಪ್ಪತ್ತು ಮೂವತ್ತು ರೂಪಾಯಿಗಳಷ್ಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಹೇಗೂ ಉಚಿತ. ಹಾಗಾದರೆ ಈ ವಿಮೆ ಏಕೆ? ಅದರ ವಿಶೇಷ ಇಲ್ಲಿಯೇ ಇದೆ. ರೋಗಿಯು ಆಸ್ಪತ್ರೆಯಲ್ಲಿ ಮಲಗಿದ ಪ್ರತಿಯೊಂದು ದಿನಕ್ಕೂ, ಹೊರಗಿನಿಂದ ತರಬೇಕಾದ ಔಷಧಿಗೆಂದು ಒಂದಿಷ್ಟು ಹಣವಲ್ಲದೆ, ಕಳೆದುಹೋದ ಕೂಲಿಗೆಂದು 50 ರೂಪಾಯಿಗಳನ್ನು ಅವನ ಕೈಗೆ ಕೊಡುತ್ತಿದ್ದರು. ನಮ್ಮ ಮೇಲಿನ ಲೆಕ್ಕದಲ್ಲಿ ಕಂಡ ಸತ್ಯವನ್ನು ಈ ಯೋಜನೆಯನ್ನು ರೂಪಿಸಿದವರು ಕಂಡುಕೊಂಡಿದ್ದರು. ಆಸ್ಪತ್ರೆಯ ಬಾಗಿಲು ತೆರೆದಿದ್ದರೂ ಬಡವನು ಒಳಗೆ ಹೋಗದಿರುವುದಕ್ಕೆ ಕಾರಣ ಶುಲ್ಕವೊಂದೇ ಅಲ್ಲ. ಇಂದು ಮಲಗಿದರೆ ಮನೆಯವರಿಗೆ ನಾಳೆ ಏನು ಉಣಿಸುವುದೆಂಬ ಚಿಂತೆಯೇ ಅವನನ್ನು ಹೊರಗೆ ನಿಲ್ಲಿಸುತ್ತದೆ.

ಇನ್ನು ಎರಡನೆಯ ದಾರಿಯನ್ನು ನೋಡೋಣ. ಯುದ್ಧ, ಒಳಜಗಳ, ದಂಗೆ, ಸರ್ಕಾರದ ಪತನ, ಜನರನ್ನು ನೆಲದಿಂದ ಎಬ್ಬಿಸುವ ಆಜ್ಞೆ, ಇವೆಲ್ಲವೂ ಕ್ಷೋಭೆಯ ರೂಪಗಳೇ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವರಲ್ಲವೆ? ಆಳುವವರ ಮತ್ತು ಎದುರು ನಿಂತವರ ಜಗಳದಲ್ಲಿ ಬಡವಾಗುವ ಕೂಸೆಂದರೆ ಸಾಮಾನ್ಯ ಜನ. ಮೊದಲು ದಾರಿಗಳು ಮುಚ್ಚುತ್ತವೆ. ಬೆಳೆದದ್ದು ಸಂತೆಗೆ ಹೋಗದು, ಸಂತೆಯ ಉಪ್ಪು ಮನೆಗೆ ಬಾರದು. ವೈದ್ಯರೂ ಉಪಾಧ್ಯಾಯರೂ ಊರು ಬಿಟ್ಟು ಹೋಗುತ್ತಾರೆ. ಶಾಲೆಗೂ ಆಸ್ಪತ್ರೆಗೂ ಸಲ್ಲಬೇಕಾಗಿದ್ದ ಹಣ ಮದ್ದುಗುಂಡುಗಳಿಗೆ ಸಲ್ಲುತ್ತದೆ. ಇವೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ನಾಳೆಯ ಮೇಲಿನ ನಂಬಿಕೆ ಹೋಗುವುದು. ಬರುವ ವರ್ಷ ತಾನು ಈ ಹೊಲದಲ್ಲಿರುವೆನೋ ಇಲ್ಲವೋ ಎಂದು ತಿಳಿಯದವನು ತೆಂಗಿನ ಸಸಿಯನ್ನು ನೆಡುವುದಿಲ್ಲ.

ಮಲೆಮಹದೇಶ್ವರ ಬೆಟ್ಟದ ಸುತ್ತಣ ಹಳ್ಳಿಗಳು ಇಂಥ ದಿನಗಳನ್ನು ಕಂಡಿವೆ. ಆನೆದಂತ ಮತ್ತು ಗಂಧದ ಕಳ್ಳಸಾಗಣೆ ಮಾಡುತ್ತಿದ್ದ ವೀರಪ್ಪನ್ ಈ ಕಾಡುಗಳಲ್ಲಿ ಅಡಗಿ ಪೊಲೀಸರನ್ನೂ ಅರಣ್ಯಾಧಿಕಾರಿಗಳನ್ನೂ ಹಳ್ಳಿಗರನ್ನೂ ಕೊಂದನು. 1993ರ ಏಪ್ರಿಲ್ ತಿಂಗಳಲ್ಲಿ ಪಾಲಾರಿನ ಬಳಿ ಅವನ ತಂಡದವರು ಇಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. ಮಾಜಿ ಸಚಿವರಾದ ಎಚ್. ನಾಗಪ್ಪನವರನ್ನು 2002ರ ಆಗಸ್ಟಿನಲ್ಲಿ ಕಾಮಗೆರೆಯಿಂದ ಅಪಹರಿಸಲಾಯಿತು. ಡಿಸೆಂಬರಿನಲ್ಲಿ ಅವರ ಶವ ಕಾಡಿನಲ್ಲಿ ದೊರೆಯಿತು. ಅವನನ್ನು ಹಿಡಿಯಲು ಕರ್ನಾಟಕ, ತಮಿಳುನಾಡುಗಳ ವಿಶೇಷ ಕಾರ್ಯಪಡೆಗಳು ಕಾಡಿಗಿಳಿದವು. ಕಾಡಂಚಿನ ಬಡವರು ಇಬ್ಬದಿಯ ಭಯಕ್ಕೆ ಸಿಕ್ಕಿದರು. ಅಕ್ಕಿ ಕೊಂಡರೆ ಕಳ್ಳನಿಗೆ ಒಯ್ಯುವನೆಂದು ಇವರ ಸಂಶಯ; ಸುಮ್ಮನಿದ್ದರೆ ಪೊಲೀಸರಿಗೆ ಸುಳಿವು ಕೊಟ್ಟನೆಂದು ಅವರ ಸಂಶಯ. ದನ ಮೇಯಿಸಲು, ಸೌದೆ ತರಲು ಕಾಡಿಗೆ ಹೋಗುವುದೂ ಕಷ್ಟವಾಯಿತು. ಸೆರೆಯಾದವರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಅಷ್ಟು ಹೊತ್ತಿಗೆ ಅವರಲ್ಲಿ ಅನೇಕರು ವರ್ಷಾನುಗಟ್ಟಲೆ ಸೆರೆಮನೆಯಲ್ಲಿ ಕಳೆದಿದ್ದರು. ಕಾರ್ಯಪಡೆಗಳ ದೌರ್ಜನ್ಯದ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನೇಮಿಸಿದ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯು ವಿಚಾರಿಸಿತು; 2007ರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರವನ್ನು ಆಯೋಗವು ಗೊತ್ತುಪಡಿಸಿತು. ವೀರಪ್ಪನ್ 2004ರ ಅಕ್ಟೋಬರಿನಲ್ಲಿ ಹತನಾದನು. ಆದರೆ ದುಡಿಯುವ ಕೈಯೊಂದು ಎಂಟು ವರ್ಷ ಸೆರೆಯಲ್ಲಿದ್ದ ಮನೆಯ ಹೊಲ ಏನಾಗಿರಬಹುದು, ಆ ಮನೆಯ ಮಕ್ಕಳು ಶಾಲೆಯಲ್ಲಿ ಎಷ್ಟು ದಿನ ಉಳಿದಿರಬಹುದು ಎಂಬುದನ್ನು ನೀವೇ ಯೋಚಿಸಿರಿ.

ಬಂದೂಕಿನ ಸದ್ದಿಲ್ಲದೆಯೂ ಬದುಕು ಬುಡಮೇಲಾಗಬಹುದು. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು. ಕಾಡನ್ನು ಉಳಿಸುವ ಉದ್ದೇಶ ಉದಾತ್ತವಾದದ್ದೇ. ಆದರೆ ತಲೆಮಾರುಗಳಿಂದ ಅಲ್ಲಿ ಬಾಳಿದ ಸೋಲಿಗರು ತಮ್ಮ ಹಳೆಯ ಪೋಡುಗಳನ್ನು ಬಿಟ್ಟು ರಸ್ತೆಯ ಬದಿಗೆ, ಕಾಡಿನ ಅಂಚಿಗೆ ಬರಬೇಕಾಯಿತು. ಅವರ ಬೇಸಾಯಪದ್ಧತಿ ನಿಂತಿತು. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಪಾಚಿ ಮೊದಲಾದವನ್ನು ಕೂಡಿಸಿ ಸಹಕಾರ ಸಂಘಕ್ಕೆ ಮಾರುವುದೊಂದು ದಾರಿ ಉಳಿದಿತ್ತು; ಕಾನೂನಿನ ತಿದ್ದುಪಡಿಯ ಫಲವಾಗಿ 2006ರ ಸುಮಾರಿಗೆ ಅದಕ್ಕೂ ತಡೆ ಬಂದಿತು. ಅನೇಕ ಮನೆಗಳಿಗೆ ಕೈಗೆ ಸಿಗುತ್ತಿದ್ದ ನಗದು ಹಣದ ದೊಡ್ಡ ಪಾಲು ಅದೇ ಆಗಿತ್ತು. ಆದಾಯ ತಪ್ಪಿದ ಸೋಲಿಗರಲ್ಲಿ ಹಲವರು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದರು. ಮುಂದೆ ಅರಣ್ಯಹಕ್ಕು ಕಾಯಿದೆಯ ಆಧಾರದ ಮೇಲೆ ಸೋಲಿಗರ ಗ್ರಾಮಸಭೆಗಳು ಹಕ್ಕು ಕೇಳಿದವು. 2011ರಲ್ಲಿ ಅವರ ಸಾಮೂಹಿಕ ಹಕ್ಕುಗಳಿಗೆ ಮಾನ್ಯತೆ ದೊರೆಯಿತು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು. ಹುಲಿಯಿರುವ ಕಾಡಿನಲ್ಲಿ ಮನುಷ್ಯನ ಹಕ್ಕನ್ನೂ ಒಪ್ಪಬಹುದೆಂಬುದಕ್ಕೆ ದೇಶದಲ್ಲಿಯೇ ಇದು ಮೊದಲ ಮಾದರಿ. ಒಂದು ಆಜ್ಞೆ ಬಡವನನ್ನಾಗಿ ಮಾಡಬಲ್ಲದಾದರೆ, ಒಂದು ಹಕ್ಕುಪತ್ರವು ಅವನನ್ನು ಮತ್ತೆ ನೆಲದ ಮೇಲೆ ನಿಲ್ಲಿಸಲೂ ಬಲ್ಲದು.

ಈ ಎರಡು ದಾರಿಗಳೂ ಒಂದೆಡೆ ಕೂಡಿದಾಗ ಸಂಭವಿಸುವ ಅನರ್ಥಕ್ಕೆ ಹೊರದೇಶವೊಂದರ ಉದಾಹರಣೆಯನ್ನು ನೋಡಬಹುದು. ಪಶ್ಚಿಮ ಆಫ್ರಿಕದ ಲೈಬೀರಿಯಾದಲ್ಲಿ 1989ರಿಂದ 2003ರವರೆಗೆ ಎರಡು ಅಂತರ್ಯುದ್ಧಗಳು ನಡೆದವು. ಯುದ್ಧ ಮುಗಿದಾಗ ಲಕ್ಷಾಂತರ ಜನರ ಆ ನಾಡಿನಲ್ಲಿ ಉಳಿದಿದ್ದ ವೈದ್ಯರು ಸುಮಾರು ಐವತ್ತು ಮಂದಿ ಮಾತ್ರ. ಮುಂದೆ 2014ರಲ್ಲಿ ಎಬೋಲಾ ಎಂಬ ಭೀಕರ ಜ್ವರವು ಲೈಬೀರಿಯಾ, ಸಿಯೆರಾ ಲಿಯೋನ್, ಗಿನಿ ದೇಶಗಳಲ್ಲಿ ಹಬ್ಬಿತು. ಎದುರಿಸಲು ಆಸ್ಪತ್ರೆಗಳಿಲ್ಲ, ದಾದಿಯರಿಲ್ಲ, ಸರ್ಕಾರದ ಮಾತಿನಲ್ಲಿ ಜನಕ್ಕೆ ನಂಬಿಕೆಯೂ ಇಲ್ಲ. 11,000ಕ್ಕೂ ಹೆಚ್ಚು ಮಂದಿ ಸತ್ತರು. ಸಂತೆಗಳು ನಿಂತವು, ಶಾಲೆಗಳು ಮುಚ್ಚಿದವು, ಹೊಲಗಳ ಕೆಲಸಕ್ಕೆ ಆಳು ದೊರೆಯದಾಯಿತು. ಹತ್ತು ವರ್ಷಗಳ ಹಿಂದೆ ನಿಂತ ಯುದ್ಧವು ರೋಗದ ರೂಪದಲ್ಲಿ ಮತ್ತೊಮ್ಮೆ ಕೊಂದಿತು. ನಮ್ಮ ನೆರೆಯ ಶ್ರೀಲಂಕೆಯಲ್ಲಿ 2022ರಲ್ಲಿ ಹಣಕಾಸಿನ ಬಿಕ್ಕಟ್ಟು ಮತ್ತು ರಾಜಕೀಯ ಕ್ಷೋಭೆ ಒಟ್ಟಿಗೆ ಬಂದವು. ಇಂಧನಕ್ಕೂ ಔಷಧಿಗೂ ಜನ ಸಾಲುಗಟ್ಟಿ ನಿಂತರು. ಒಂದೇ ವರ್ಷದಲ್ಲಿ ಬಡವರ ಪ್ರಮಾಣ ನೂರಕ್ಕೆ 13ರ ಆಸುಪಾಸಿನಿಂದ 25ಕ್ಕೆ ಏರಿತೆಂದು ವಿಶ್ವಬ್ಯಾಂಕು ಅಂದಾಜು ಮಾಡಿತು.

ಇವನ್ನು ಅನ್ಯದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. 2020ರ ಮಾರ್ಚ್ 25ರಂದು, ಕೊರೊನಾ ಸಾಂಕ್ರಾಮಿಕವನ್ನು ತಡೆಯಲು ಭಾರತದಾದ್ಯಂತ ದಿಗ್ಬಂಧನ ಜಾರಿಗೆ ಬಂದಿತು. ಆಗ ಚಾಮರಾಜನಗರ ಜಿಲ್ಲೆಯಲ್ಲಿ ಆ ರೋಗ ಇರಲಿಲ್ಲ. ರಾಜ್ಯದ ಉಳಿದ ಜಿಲ್ಲೆಗಳಿಗೆ ಅದು ಕಾಲಿಟ್ಟ ಮೇಲೂ ಜೂನ್ ತಿಂಗಳವರೆಗೆ ಈ ಜಿಲ್ಲೆ ರೋಗಮುಕ್ತವಾಗಿಯೇ ಉಳಿಯಿತು. ಆದರೆ ರೋಗಕ್ಕಿಂತ ಮೊದಲೇ ಅದರ ಬಡತನ ಇಲ್ಲಿಗೆ ಬಂದಿತ್ತು. ದೂರದ ಊರುಗಳಿಗೆ ದುಡಿಯಲು ಹೋಗಿದ್ದವರು ಕೆಲಸ ಕಳೆದುಕೊಂಡು ಹಿಂದಿರುಗಿದರು. ಬೆಟ್ಟದ ದೇವಾಲಯಗಳು ಮುಚ್ಚಿದ್ದರಿಂದ ಯಾತ್ರಿಕರನ್ನು ನಂಬಿದ್ದ ಹೂವು, ಹಣ್ಣು, ಕಾಯಿಯ ಅಂಗಡಿಗಳಿಗೆ ವ್ಯಾಪಾರವಿಲ್ಲವಾಯಿತು. ಶಾಲೆಗಳು ಮುಚ್ಚಿ ಮಕ್ಕಳ ಬಿಸಿಯೂಟವೂ ತಪ್ಪಿತು. ಆ ಮೇಲೆ ರೋಗವೂ ಬಂದಿತು. 2021ರ ಮೇ 2 ಮತ್ತು 3ರಂದು, ಆಮ್ಲಜನಕದ ಕೊರತೆಯ ನಡುವೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ 24 ರೋಗಿಗಳು ಅಸುನೀಗಿದರು. ಅವರಲ್ಲಿ ಎಷ್ಟೋ ಮಂದಿಯ ದುಡಿಮೆಯ ಮೇಲೆ ಒಂದೊಂದು ಮನೆ ನಿಂತಿದ್ದಿತು. ಇಡೀ ಪ್ರಪಂಚವನ್ನು ತೆಗೆದುಕೊಂಡರೆ, 2020ರ ಒಂದೇ ವರ್ಷದಲ್ಲಿ ಸುಮಾರು 7 ಕೋಟಿ ಜನರು ಹೊಸದಾಗಿ ಕಡುಬಡತನಕ್ಕೆ ಬಿದ್ದರೆಂಬುದು ವಿಶ್ವಬ್ಯಾಂಕಿನ ಲೆಕ್ಕ. ಶ್ರೀಮಂತ ದೇಶಗಳಲ್ಲಿ ಕೆಲಸ ಕಳೆದುಕೊಂಡವರಿಗೆ ಸರ್ಕಾರವು ಹೆಚ್ಚಿನ ನೆರವನ್ನು ಕೊಡಬಲ್ಲದಾಗಿತ್ತು. ಅಭಿವೃದ್ಧಿಶೀಲ ದೇಶಗಳ ಬೊಕ್ಕಸಗಳಿಗೆ ಅಷ್ಟು ಶಕ್ತಿಯಿರಲಿಲ್ಲ. ಅದೇ ರೋಗ, ಅದೇ ದಿಗ್ಬಂಧನ. ಪೆಟ್ಟು ಮಾತ್ರ ಬೇರೆ.

ಬಿದ್ದವರು ಏಳಲಾರರೇ? ಹನೂರು ತಾಲ್ಲೂಕಿನ ಒಡೆಯರಪಾಳ್ಯಕ್ಕೆ ಹೋದವರಿಗೆ ಈ ಪ್ರಶ್ನೆಯ ಉತ್ತರ ಕಣ್ಣಿಗೆ ಬೀಳುತ್ತದೆ. ಟಿಬೆಟ್ಟಿನಲ್ಲಿ 1959ರಲ್ಲಿ ನಡೆದ ಕ್ಷೋಭೆಯಿಂದ ಸಾವಿರಾರು ಮಂದಿ ಮನೆಮಠಗಳನ್ನು ತೊರೆದು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಹಿಮದ ನಾಡಿನಿಂದ ಬಂದ ಆ ನಿರಾಶ್ರಿತರಲ್ಲಿ ಕ್ಷಯವೇ ಮೊದಲಾದ ರೋಗಗಳು ಬಹಳವಾಗಿದ್ದವು. ಅವರಲ್ಲಿ ಕೆಲವರಿಗಾಗಿ 1970ರ ದಶಕದಲ್ಲಿ ಒಡೆಯರಪಾಳ್ಯದ ಬಳಿ ಒಂದು ನೆಲೆಯನ್ನು ಏರ್ಪಡಿಸಲಾಯಿತು. ಕ್ಷೋಭೆ ಮತ್ತು ರೋಗ ಎರಡರ ಪೆಟ್ಟನ್ನೂ ತಿಂದು ಬರಿಗೈಯಲ್ಲಿ ಬಂದವರಿವರು. ಆದರೂ ಅವರು ಭಿಕ್ಷುಕರಾಗಿ ಉಳಿಯಲಿಲ್ಲ. ಉಳಲು ನೆಲ, ಇರಲು ಮನೆ, ಬೆಳೆದದ್ದನ್ನು ಮಾರಲು ಸಹಕಾರ ಸಂಘ, ಮಕ್ಕಳಿಗೆ ಶಾಲೆ, ರೋಗಕ್ಕೆ ಆಸ್ಪತ್ರೆ, ಇವು ಐದೂ ಅವರಿಗೆ ಒಟ್ಟಿಗೆ ದೊರೆತವು. ಮುಸುಕಿನ ಜೋಳ ಬೆಳೆದು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಉಣ್ಣೆಯ ಉಡುಪು ಮಾರಿ ಅವರು ಬಾಳನ್ನು ಕಟ್ಟಿಕೊಂಡರು. ಈ ಸೀಮೆಯ ಜನ ಅವರಿಗೆ ಎಡೆಕೊಟ್ಟರೆಂಬುದನ್ನು ಮರೆಯಬಾರದು. ಅದೇ ನೆಲದಲ್ಲಿ ಇನ್ನೂ ಹಕ್ಕುಪತ್ರಕ್ಕಾಗಿ ಕಾಯುವ ಬಡವರು ಇದ್ದಾರೆಂಬುದನ್ನೂ ಮರೆಯಬಾರದು.

ಇಲ್ಲಿಯವರೆಗೆ ನೋಡಿದ ಸಂಗತಿಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ರೋಗಗಳು ಬರುತ್ತವೆ, ನಾಡಿನ ನೆಮ್ಮದಿ ಕೆಲವೊಮ್ಮೆ ಕದಡುತ್ತದೆ. ಇವನ್ನು ಪೂರ್ತಿಯಾಗಿ ತಡೆಯುವುದು ಯಾರಿಂದಲೂ ಆಗದು. ಆದರೆ ಬಂದ ಪೆಟ್ಟು ಬಡತನವಾಗಿ ಪರಿಣಮಿಸಬೇಕೆಂಬ ನಿಯಮವಿಲ್ಲ. ನಡುವೆ ಒಂದು ಗಟ್ಟಿಯಾದ ಏರಿ ಇದ್ದರೆ ನೀರು ನಿಲ್ಲುತ್ತದೆ. ಹತ್ತಿರದಲ್ಲಿಯೇ ತೆರೆದಿರುವ ಆರೋಗ್ಯ ಕೇಂದ್ರ ಆ ಏರಿಯ ಒಂದು ಕಲ್ಲು. ಮಲಗಿದ ದಿನದ ಕೂಲಿ ಇನ್ನೊಂದು ಕಲ್ಲು. ಪಡಿತರದ ಧಾನ್ಯ, ಹೊಲದ ಹಕ್ಕುಪತ್ರ, ತಡವಿಲ್ಲದ ನ್ಯಾಯ, ಮುಚ್ಚದ ಶಾಲೆ ಮತ್ತಷ್ಟು ಕಲ್ಲುಗಳು. ಸಹಕಾರ ಸಂಘಗಳ ರೈತರಿಗಾಗಿ ಕರ್ನಾಟಕದಲ್ಲಿ 2003ರಲ್ಲಿ ಆರಂಭವಾದ ಯಶಸ್ವಿನಿ ವಿಮೆಯೂ, 2020ರಲ್ಲಿ ದಿಗ್ಬಂಧನದ ಕಾಲಕ್ಕೆ ಪಡಿತರದವರಿಗೆ ತಲಾ 5 ಕಿಲೋ ಧಾನ್ಯವನ್ನು ಉಚಿತವಾಗಿ ಕೊಟ್ಟುದೂ ಇಂಥ ಕಲ್ಲುಗಳೇ. ಅವು ಎಲ್ಲರಿಗೂ ಸಾಲದೆ ಹೋದದ್ದುಂಟು; ಆದರೆ ಇಲ್ಲದಿದ್ದರೆ ಇನ್ನೆಷ್ಟು ಮನೆಗಳು ಕೊಚ್ಚಿಹೋಗುತ್ತಿದ್ದವೋ!

ಏರಿಯನ್ನು ಕಟ್ಟುವುದು ಸರ್ಕಾರದ ಕೆಲಸವೆಂದು ನಾವು ಸುಮ್ಮನಿರುವಂತಿಲ್ಲ. ಹಿಂದೆ ಊರ ಕೆರೆಯ ಹೂಳನ್ನು ಊರವರೇ ತೆಗೆಯುತ್ತಿದ್ದರು. ಏರಿಯಲ್ಲಿ ಬಿರುಕು ಕಂಡವನು ಅದನ್ನು ಊರಿಗೆ ತಿಳಿಸಬೇಕಾಗಿತ್ತು. ನಿಮ್ಮ ತರಗತಿಯಲ್ಲಿ ನಿನ್ನೆಯವರೆಗೆ ಕುಳಿತಿದ್ದ ಒಬ್ಬ ಸಹಪಾಠಿ ಇದ್ದಕ್ಕಿದ್ದಂತೆ ಶಾಲೆಗೆ ಬರುವುದನ್ನು ನಿಲ್ಲಿಸಿದರೆ, ಅವನು ಓದಿನಲ್ಲಿ ಆಸಕ್ತಿಯಿಲ್ಲದವನೆಂದು ತೀರ್ಮಾನಿಸುವ ಮೊದಲು ಅವನ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ವಿಚಾರಿಸಿರಿ. ತಿಳಿದದ್ದನ್ನು ನಿಮ್ಮ ಉಪಾಧ್ಯಾಯರಿಗೆ ಹೇಳಿರಿ. ಏರಿಯ ಬಿರುಕು ಮೊದಲು ಕಾಣುವುದು ಅಲ್ಲಿಯೇ. ಅದನ್ನು ಮುಚ್ಚಲು ಸುಲಭವಾದ ಕಾಲವೂ ಅದೇ.